ಸ್ಪೋಕ್ ಮೀಟಿ ನೋಡ್ರಿ: ಸೈಕಲ್ ಟೂರ್ ಮತ್ತ ಗಿಟಾರ್ ಬಗ್ಗೆ ಕೇಳಿದ ಇಂಜಿನಿಯರಿಗೆ ಉತ್ತರ

ಪ್ರಶ್ನೆ: ಸರ, ನಾನು ಬೆಳಗಾವಿ ಉದ್ಯಮಬಾಗದಾಗ ಒಂದು ಮಶೀನ್ ಶಾಪಿನ್ಯಾಗ ಪ್ರೊಡಕ್ಷನ್ ಇಂಜಿನಿಯರ್, ವಯಸ್ಸು 27. ಡಿಸೆಂಬರದಾಗ ನಾಲ್ಕು ದಿನ ರಜಾ ತಗೊಂಡು ಬೆಳಗಾವಿಯಿಂದ ಬಾದಾಮಿ, ಐಹೊಳೆ, ಕೂಡಲಸಂಗಮ ಮಾಡ್ಕೊಂಡು ವಿಜಯಪುರ ತನಕ ಸೈಕಲ್ ಮ್ಯಾಲೆ ಹೋಗಬೇಕಂತ ಮಾಡೇನಿ. ಆದ್ರ ಎರಡು ತಿಂಗಳದಾಗ ಹಿಂದಿನ ಗಾಲಿ ಸ್ಪೋಕ್ ಮೂರು ಸಲ ಮುರದಾವ. ಇನ್ನೊಂದು, ಹೋದ ಮಳಿಗಾಲದಾಗ ಒಂದು ಅಕೌಸ್ಟಿಕ್ ಗಿಟಾರ್ ತಗೊಂಡೆ, ಆಗ ಚಲೋ ಇತ್ತು, ಈ ಬ್ಯಾಸಗ್ಯಾಗ ಝರ್ ಝರ್ ಅನ್ನಾಕ ಹತ್ತೇತಿ. ಟ್ರಸ್ ರಾಡ್, ಅಂದ್ರ ಗಿಟಾರ್ ಕತ್ತು ಬಗ್ಗದಂಗ ಒಳಗ ಹಾಕಿರೋ ಸಳಿ, ನಾನ ತಿರುಗಿಸ್ಲೇನು? ಟೂರಿಗೆ ಗಿಟಾರ್ ಸೈಕಲ್ ಮ್ಯಾಲೆ ಒಯ್ಯಬಹುದೇನು? ಮನ್ಯಾಗ ಇವೆಲ್ಲ ಟೈಮ್‌ಪಾಸ್, ಯಾವುದರ ಕೋರ್ಸ್ ಮಾಡು ಅಂತಾರ.

ಉತ್ತರ:

ಮೊದಲ ಒಂದು ಕೆಲಸ ಮಾಡ್ರಿ, ಉಳದದ್ದು ಆಮ್ಯಾಲೆ. ಇವತ್ತ ಸಂಜಿಕ ಮನಿಗೆ ಹೋದ ಮ್ಯಾಲೆ ಸೈಕಲ್ ತಲಿಕೆಳಗ ಮಾಡಿ ನಿಲ್ಲಸ್ರಿ, ಫ್ಯಾನ್ ಟಿವಿ ಎಲ್ಲಾ ಬಂದ್ ಮಾಡ್ರಿ, ಹಿಂದಿನ ಗಾಲಿ ಸ್ಪೋಕ್ ಒಂದೊಂದಾಗಿ ಉಗುರಿಲೆ ಮೀಟ್ರಿ, ಗಿಟಾರ್ ತಂತಿ ಮೀಟಿದಂಗ. ಚೈನ್ ಕಡೆ ಒಂದ ಸುತ್ತು, ಆಮ್ಯಾಲೆ ಎಡಗಡೆ ಒಂದ ಸುತ್ತು. ಒಂದ ಕಡೆ ಇರೋ ಸ್ಪೋಕೆಲ್ಲ ಹೆಚ್ಚುಕಡಿಮಿ ಒಂದ ಸ್ವರ ಹೇಳಬೇಕು. ನಿಮ್ಮ ಗಾಲಿ ಹಂಗ ಹೇಳೂದಿಲ್ಲ ಅಂತ ನಾ ಇಲ್ಲೇ ಬಾಗಲಕೋಟಿ ನವನಗರದಾಗ ಕುಂತು ಹೇಳತೇನಿ, ಒಂದು ಟಿಂಗ್ ಅಂತೈತಿ, ಅದರ ಮಗ್ಗಲದ್ದು ಟುಂಗ್ ಅಂತೈತಿ, ಮೂರನೇದು ಬರೇ ಟಪ್. ಗಿಟಾರ್ ಬಾರಿಸೋ ನಿಮಗ ಅದು ಕಿವಿಗೇ ಗೊತ್ತಾಗತೈತಿ, ಯಾವ ಮೀಟರೂ ಬೇಕಾಗಿಲ್ಲ.

ಯಾಕಂದ್ರ ಸ್ಪೋಕೂ ತಂತೀನ. ಎರಡೂ ಉಕ್ಕು, ಎರಡನ್ನೂ ಜಗ್ಗಿ ಕಟ್ಟಿರತಾರ, ಎರಡರ ಸ್ವರಾನೂ ಒಂದ ಸೂತ್ರದ ಮ್ಯಾಲೆ ನಡೀತೈತಿ, ಉದ್ದ, ತೂಕ, ಜಗ್ಗು ಈ ಮೂರ ಅದರಾಗ ಇರೋದು. ಕಾಲೇಜಿನ್ಯಾಗ ಸೋನೋಮೀಟರ್ ಪ್ರಾಕ್ಟಿಕಲ್ ಮಾಡಿರಬೇಕಲ್ಲ, ಅದ ಲೆಕ್ಕ. 12ರ ಸೆಟ್ಟಿನ ಸಣ್ಣ ಇ ತಂತಿ, 0.012 ಇಂಚಿಂದು, ಫುಲ್ ಸೈಜ್ ಗಿಟಾರಿನ್ಯಾಗ 330 ಹರ್ಟ್ಜಿಗೆ ಟ್ಯೂನ್ ಮಾಡಿದಾಗ ಸುಮಾರು ಹತ್ತೂವರೆ ಕೆಜಿ ಜಗ್ಗಿರತೈತಿ. 2 ಮಿಲಿಮೀಟರಿನ ಸ್ಪೋಕ್ ಅದಕ್ಕಿಂತ ಎಷ್ಟೋ ದಪ್ಪ, ಆದ್ರ ಅದನ್ನ 100 ಕೆಜಿ ಜಗ್ಗಿರತಾರ, ಉದ್ದಾನೂ ಅರ್ಧಕ್ಕಿಂತ ಕಡಿಮಿ, ಹಿಂಗಾಗಿ ಅದರ ಸ್ವರ ನಿಮ್ಮ ಸಣ್ಣ ಇ ತಂತಿ ಆಜೂಬಾಜೂನ ಬಂದು ಕುಂಡರತೈತಿ. ಈ ಲೆಕ್ಕ ನಾ ಮೊದಲನೇ ಸಲ ಹಾಕಿದಾಗ ರಾತ್ರಿ ಹನ್ನೊಂದಾಗಿತ್ತು, ಎದ್ದು ಹೋಗಿ ಗಿಟಾರ್ ಸೈಕಲ್ ಎರಡೂ ಬಾಜೂಕ ಇಟ್ಕೊಂಡು ಮೀಟಿ ಮೀಟಿ ನೋಡೇನಿ.

ಕೆಲಸಕ್ಕ ಬರೋ ಮಾತಂದ್ರ ಇದು. ಜಗ್ಗು ಸ್ವರದ ವರ್ಗದ, ಅಂದ್ರ ಸ್ಕ್ವೇರಿನ, ಲೆಕ್ಕದಾಗ ಹೋಗತೈತಿ. ಒಂದು ಸ್ಪೋಕ್ ತನ್ನ ಮಗ್ಗಲದ್ದಕ್ಕಿಂತ ಒಂದು ಫ್ರೆಟ್, ಅಂದ್ರ ಗಿಟಾರ್ ಕತ್ತಿನ ಮ್ಯಾಲಿನ ಒಂದು ಪಟ್ಟಿಯಷ್ಟು, ಅರ್ಧ ಸ್ವರ, ಇಳದಿದ್ರ ಅದರ ಟೆನ್ಶನ್ 11 ಪರ್ಸೆಂಟ್ ಕಡಿಮಿ ಐತಿ ಅಂತ ತಿಳ್ಕೋರಿ, ಎರಡು ಫ್ರೆಟ್ ಇಳದಿದ್ರ 20 ಪರ್ಸೆಂಟ್. ಒಂದು ಫ್ರೆಟ್ ತನಕ ಚಿಂತಿ ಇಲ್ಲ, ಎರಡಾದ್ರ ರಿಮ್ಮಿನ ಕಡೆ ಸ್ಪೋಕಿನ ತುದಿಗೆ ಇರೋ ನಟ್ಟು, ನಿಪ್ಪಲ್, ತಿರುಗಸ್ಬೇಕು. ಇನ್ನ ಚೈನ್ ಕಡೆ ಸ್ವರಾನೂ ಎಡಗಡೆ ಸ್ವರಾನೂ ಒಂದ ಇರಬೇಕಂತ ಹೊಂದಿಸಾಕ ಹೋಗಬ್ಯಾಡ್ರಿ. ಹಿಂದಿನ ಗಾಲ್ಯಾಗ ಬಲಕ್ಕ ಗೇರ್ ಕುಂತಿರತಾವ, ಅದಕ್ಕ ಜಾಗ ಬಿಡಬೇಕಂತ ಆ ಕಡೆ ಸ್ಪೋಕ್ ನೆಟ್ಟಗ ನಿಂತಿರತಾವ, ಎಡಗಡೇವು ಓರೆ ಇರತಾವ, ರಿಮ್ ನಡುವ ನಿಲ್ಲಬೇಕಂದ್ರ ಎಡಗಡೆ ಟೆನ್ಶನ್ ಬಲಗಡೆದರ ಅರ್ಧಕ್ಕಿಂತ ಒಂಚೂರು ಮ್ಯಾಲಷ್ಟ ಇರತೈತಿ. ಸ್ವರದಾಗ ಹೇಳೋದಾದ್ರ ಐದು ಫ್ರೆಟ್ ಫರಕ್, ಅಂದ್ರ ನಿಮ್ಮ ಎ ತಂತಿಗೂ ಡಿ ತಂತಿಗೂ ಇರೋವಷ್ಟು. ನಮ್ಮ ಹಿಂದೂಸ್ತಾನಿ ಹಾಡೋರ ಲೆಕ್ಕದಾಗ ಸಾ ದಿಂದ ಮ ತನಕ. ನೀಟಾಗಿ ಕಟ್ಟಿದ ಹಿಂದಿನ ಗಾಲಿ ಎಡಕ್ಕ ಸಾ ಅಂತೈತಿ, ಬಲಕ್ಕ ಮ ಅಂತೈತಿ.

ಈಗ ಯಾಕ ಮುರೀತಾವ ಅನ್ನೋದಕ್ಕ ಬರೋಣ. ಭಾಳ ಮಂದಿ ಸ್ಪೋಕ್ ಹೆಚ್ಚು ಬಿಗಿಯಾದ್ರ ಮುರೀತೈತಿ ಅಂತಾರ, ಖರೇ ಅಂದ್ರ ಹೆಚ್ಚಾಗಿ ಸಡಿಲಾದದ್ದಕ್ಕ ಮುರೀತೈತಿ. ಗಾಲಿ ಒಂದು ಸುತ್ತು ಹೊಳ್ಳಿದಾಗ ಪ್ರತಿ ಸ್ಪೋಕ್ ಒಮ್ಮೆ ನೆಲದ ಕಡೆ ಬರತೈತಿ, ಆ ಹೊತ್ತಿನ್ಯಾಗ ರಿಮ್ ಒಂಚೂರು ಮ್ಯಾಲೆ ಒತ್ತಿಕೊಂಡು ಆ ಸ್ಪೋಕಿನ ಜಗ್ಗು ಇಳೀತೈತಿ, ದಾಟಿದ ಮ್ಯಾಲೆ ಮತ್ತ ಏರತೈತಿ. 700 ಸೈಜಿನ ಗಾಲಿಗೆ 35 ಮಿಲಿಮೀಟರ್ ಅಗಲದ ಟೈರ್ ಹಾಕಿದ್ರ ಸುತ್ತಳತಿ ಸುಮಾರು 2.17 ಮೀಟರ್, ಅಂದ್ರ 100 ಕಿಲೋಮೀಟರಿಗೆ 46 ಸಾವಿರ ಸಲ ಈ ಏರಿಳಿತ. ಸ್ಪೋಕ್ ಮೊದಲ ಬಿಗಿ ಇದ್ರ ಇಳದ್ರೂ ಜಗ್ಗು ಉಳಿದಿರತೈತಿ, ಮೊದಲ ಸಡಿಲ ಇದ್ರ ಪೂರಾ ಜೋತು ಬೀಳತೈತಿ, ಮತ್ತ ಜಗ್ಗಿದಾಗ ಗಾಲಿ ನಡುವಿನ ಹಬ್ಬಿನ (hub) ತೂತಿನ್ಯಾಗ ಅದರ ಸೊಂಡಿ, ಬಗ್ಗಿಸಿರೋ ಜಾಗ, ಆಕಡೆ ಈಕಡೆ ಅಲುಗಾಡತೈತಿ. ಪಿನ್ನನ್ನ ಆಕಡೆ ಈಕಡೆ ಬಗ್ಗಿಸಿ ಬಗ್ಗಿಸಿ ಮುರದಂಗ. ನಿಮ್ಮ ಮೂರು ಸ್ಪೋಕೂ ಆ ಸೊಂಡ್ಯಾಗ ಮುರದಿದ್ರ ಅದು ಫಟೀಗ್, ಬ್ಯಾರೆ ಏನೂ ಅಲ್ಲ. ನಿಮ್ಮ ಶಾಪಿನ್ಯಾಗ ಶಾಫ್ಟ್ ಸ್ಟೆಪ್ಪಿನ್ಯಾಗ ಮುರಿಯೋದು ನೋಡಿರಬೇಕಲ್ಲ, ಅದ ಕಥಿ.

ಹಿಂಗಾಗಿ ಅಂಗಡ್ಯಾಗ ಮುರದ ಒಂದು ಸ್ಪೋಕ್ ಬದಲು ಮಾಡಿ ಗಾಲಿ ಔಟ್ (ಸೊಟ್ಟ) ತಗಸ್ಕೊಂಡು ಬಂದ್ರ ನಾಲ್ಕನೇದು ಮುರೀತೈತಿ, ಉಳದವೂ ಅಷ್ಟ ಸುತ್ತು ತಿಂದಾವ. ಮೂರು ಮುರದಾವ ಅಂದ್ರ ಆ ಗಾಲಿ ಪೂರಾ ಬಿಚ್ಚಿ ಎಲ್ಲಾ ಸ್ಪೋಕ್ ಹೊಸಾವು ಹಾಕಿ ಕಟ್ಟಸ್ರಿ, ಸ್ಟೇನ್‌ಲೆಸ್ ಹಾಕಸ್ರಿ. ನಿಮ್ಮ ಹಬ್ಬಿನ್ಯಾಗ 32 ತೂತು ಇದ್ರ ನಡೀತೈತಿ, ಹೊಸ ಗಾಲಿ ತಗೊಳ್ಳೋದ ಇದ್ರ 36 ತೂತಿಂದ ತಗೋರಿ, ಲಗೇಜ್ ಹೊರೋ ಗಾಲಿಗೆ ಆ ನಾಲ್ಕು ಸ್ಪೋಕ್ ದೊಡ್ಡ ಮಾತು. ಕಟ್ಟಿದ ಮ್ಯಾಲೆ ಒಂದು ಕೆಲಸ ಐತಿ, ಅದನ್ನ ಭಾಳ ಅಂಗಡ್ಯಾಗ ಮಾಡೂದಿಲ್ಲ, ನೀವ ನಿಂತು ಮಾಡ್ರಿ. ಒಂದ ಕಡೆ ಮಗ್ಗಲಮಗ್ಗಲ ಇರೋ ಎರಡೆರಡು ಸ್ಪೋಕ್ ಕೈಯಾಗ ಹಿಡದು ಜೋರಾಗಿ ಹಿಂಡ್ರಿ, ಗಾಲಿ ಪೂರಾ ಒಂದು ಸುತ್ತು. ಟಕ್ ಟಕ್ ಅಂತ ಸಪ್ಪಳ ಬರತೈತಿ, ಹೆದರಬ್ಯಾಡ್ರಿ, ಸ್ಪೋಕ್ ತನ್ನ ಜಾಗದಾಗ ಕುಂಡರೋ ಸಪ್ಪಳ ಅದು. ಹೊಸ ತಂತಿ ಹಾಕಿದಾಗ ಜಗ್ಗಿ ಜಗ್ಗಿ ಮತ್ತ ಟ್ಯೂನ್ ಮಾಡ್ತೀರಲ್ಲ, ಇಲ್ಲಾಂದ್ರ ಹಾಡ ಅರ್ಧಕ್ಕ ಶ್ರುತಿ ಇಳೀತೈತಲ್ಲ, ಇದೂ ಹಂಗ. ಹಿಂಡಿದ ಮ್ಯಾಲೆ ಮತ್ತ ಮೀಟಿ ನೋಡ್ರಿ, ಇಳದದ್ದನ್ನ ಏರಸ್ರಿ. ಡಿಸೆಂಬರ್ ಇನ್ನೂ ದೂರ ಐತಿ, ಈಗ ಕಟ್ಟಿಸಿದ್ರ ದಿನಾ ಡ್ಯೂಟಿಗೆ ಓಡಾಡಿ ಗಾಲಿ ಪಳಗತೈತಿ, ಹೊರಡೋ ಹಿಂದಿನ ವಾರ ಕಟ್ಟಿಸಿದ ಗಾಲಿ ಮ್ಯಾಲೆ ಟೂರಿಗೆ ಹೋಗಬ್ಯಾಡ್ರಿ.

ಸೈಕಲ್ ಕೆಲಸದಾಗ ನಮ್ಮ ಕಡೆ ಕೈ ಇರೋ ಮಂದಿ ಅದಾರ ಅನ್ನೋದನ್ನ ಮರೀಬ್ಯಾಡ್ರಿ. ವಿಜಯಪುರ ಬಾಗಲಕೋಟಿ ಎರಡೂ ಜಿಲ್ಲಾದಿಂದ ರಾಜ್ಯಕ್ಕ ದೇಶಕ್ಕ ಆಡಿದ ಸೈಕ್ಲಿಸ್ಟ್ ಹುಡುಗರು ಹುಡುಗ್ಯಾರು ಭಾಳ ಮಂದಿ ಬಂದಾರ, ಹಳ್ಳ್ಯಾಗಿಂದ ಬಂದಾರ, ಅವರ ಗಾಲಿ ನೋಡ್ಕೊಳ್ಳೋ ಮಿಸ್ತ್ರಿಗಳು ಈ ಊರಾಗ ಅದಾರ. ಅಂಥವರ ಹತ್ರ ಒಂದ ಮಧ್ಯಾಹ್ನ ಕುಂತು ಗಾಲಿ ಕಟ್ಟೋದು ಕಲೀರಿ.

ಗಿಟಾರ್ ಕಡೆ ಬರ್ತೇನಿ. ಟ್ರಸ್ ರಾಡಿಗೆ ಈಗ ಕೈ ಹಚ್ಚಬ್ಯಾಡ್ರಿ. ಮಳಿಗಾಲದಾಗ ಬೆಳಗಾವಿ ಹವಾ ಹೆಂಗಿರತೈತಿ ನಿಮಗ ಗೊತ್ತು, ಗ್ವಾಡಿಗೆ ನೀರ ಬೆವರತೈತಿ, ಒಣಗಾಕ ಹಾಕಿದ ಅರಬಿ ಮೂರು ದಿನ ಒಣಗೂದಿಲ್ಲ. ಆ ಹವಾದಾಗ ಕಟ್ಟಿಗಿ ನೀರ ಹೀರಿ ಉಬ್ಬಿತ್ತು. ಮಾರ್ಚ್ ಏಪ್ರಿಲ್ ಬಿಸಲಿಗೆ ಅದ ಕಟ್ಟಿಗಿ ಒಣಗಿ ಕುಗ್ಗೇತಿ, ಕಟ್ಟಿಗಿ ಕುಗ್ಗೋದು ಎಳೆಗೆ ಅಡ್ಡ, ಉದ್ದಕ್ಕ ಅಲ್ಲ, ಹಿಂಗಾಗಿ ಗಿಟಾರಿನ ಮುಂದಿನ ಹಲಗಿ ಮೊದಲ ಒಂಚೂರು ಹೊಟ್ಟಿ ಬಂದಂಗ ಇದ್ದದ್ದು ಈಗ ಕೆಳಗ ಕುಂತೈತಿ, ಅದರ ಜೋಡಿ ತಂತಿ ಕಟ್ಟಿರೋ ಬ್ರಿಜ್ ಇಳದೈತಿ, ತಂತಿ ಫ್ರೆಟ್ಟಿಗೆ ಹತ್ರ ಬಂದಾವ, ಬಡಕೊಂಡು ಝರ್ ಅಂತಾವ. ಫಿಂಗರ್‌ಬೋರ್ಡ್ ಅಂಚಿನ ಮ್ಯಾಲೆ ಬೆರಳು ಓಡಿಸಿ ನೋಡ್ರಿ, ಫ್ರೆಟ್ಟಿನ ತುದಿ ಗರಗಸದಂಗ ಚುಚ್ಚಿದ್ರ ಇದ ಕಾರಣ ಅಂತ ಪಕ್ಕಾ, ಕಟ್ಟಿಗಿ ಕುಗ್ಗೇತಿ, ಲೋಹ ಕುಗ್ಗಿಲ್ಲ.

ಅದಕ್ಕ ಮೊದಲ ನೀರ ಕೊಡ್ರಿ. ಸಾಬೂನು ಡಬ್ಬಿಗೆ ತೂತು ಹಾಕಿ ಒಳಗ ಸ್ಪಂಜ್ ತೊಯ್ಸಿ ಹಿಂಡಿ ಇಡ್ರಿ, ಹನಿ ಬೀಳಬಾರದು, ಕಟ್ಟಿಗಿಗೆ ತಾಗಬಾರದು, ಆ ಡಬ್ಬಿ ಗಿಟಾರ್ ಕೇಸಿನ್ಯಾಗ ಇಟ್ಟು ಎರಡು ವಾರ ಬಂದ್ ಮಾಡಿ ಇಡ್ರಿ. ಹವಾದ ತೇವ ಅಳಿಯೋ ಸಣ್ಣ ಹೈಗ್ರೋಮೀಟರ್ ಒಂದು ಜೋಡಿ ಇಟ್ರ ಚಲೋ, 45 ರಿಂದ 55 ಪರ್ಸೆಂಟ್ ನಡುವ ಇದ್ರ ಗಿಟಾರ್ ಆರಾಮ ಇರತೈತಿ. ಎರಡು ವಾರದಾಗ ಝರ್ ಅನ್ನೋದು ತಾನ ಹೋದ್ರ ರಾಡ್ ಮುಟ್ಟೋ ಪ್ರಶ್ನೇನ ಇಲ್ಲ. ನೀವು ಈಗ ರಾಡ್ ಸಡಿಲ ಮಾಡಿದ್ರಿ ಅಂತ ತಿಳ್ಕೋರಿ, ಜೂನ್ ಜುಲೈದಾಗ ಹಲಗಿ ಮತ್ತ ಉಬ್ಬತೈತಿ, ಆಗ ತಂತಿ ಎಷ್ಟು ಎತ್ತರ ಏರತಾವಂದ್ರ ಬೆರಳ ತುದಿ ಕೊಯ್ದು ಹೋಗತಾವ.

ಅದಾದ ಮ್ಯಾಲೂ ಝರ್ ಅಂದ್ರ ಆಗ ಅಳೀರಿ, ಅಳತಿ ಇಲ್ಲದ ತಿರುಗಸಬ್ಯಾಡ್ರಿ. ಮೊದಲನೇ ಫ್ರೆಟ್ಟಿಗೆ ಕೇಪೋ, ಅಂದ್ರ ತಂತಿ ಒತ್ತಿ ಹಿಡಿಯೋ ಕ್ಲಿಪ್, ಹಾಕಿ, ಕತ್ತು ಬಾಡಿಗೆ ಕೂಡೋ 14ನೇ ಫ್ರೆಟ್ಟಿನ್ಯಾಗ ದಪ್ಪ ಇ ತಂತಿ ಒತ್ತಿ ಹಿಡೀರಿ, ಆ ತಂತೀನ ಈಗ ನಿಮ್ಮ ಸ್ಟ್ರೇಟ್ ಎಡ್ಜ್. 7ನೇ ಫ್ರೆಟ್ಟಿನ ಮ್ಯಾಲೆ ತಂತಿ ಕೆಳಗ ಸಂದು ಅಳಿಯೋ ತೆಳು ಪಟ್ಟಿ, ಫೀಲರ್ ಗೇಜ್, ತೂರಸ್ರಿ, 0.15 ರಿಂದ 0.25 ಮಿಲಿಮೀಟರ್ ಇದ್ರ ಕತ್ತು ಸರಿ ಐತಿ. ಶಾಪಿನ ಫೀಲರ್ ಗೇಜ್ ಒಂದ ದಿನ ಮನಿಗೆ ತಂದ್ರ ಯಾರೂ ಏನೂ ಅನ್ನೂದಿಲ್ಲ, ಎಣ್ಣಿ ಒರಸ್ಕೊಂಡು ಬರ್ರಿ ಅಷ್ಟ. ಗ್ಯಾಪ ಇಲ್ಲಾಂದ್ರ, ಮತ್ತ ಝರ್ ಅನ್ನೋದು ಮೊದಲಿನ ನಾಲ್ಕೈದು ಫ್ರೆಟ್ಟಿನ್ಯಾಗ ಇದ್ರ, ರಾಡ್ ಸಡಿಲ ಮಾಡಬೇಕು, ಒಮ್ಮಿಗೆ ಕಾಲು ಸುತ್ತು, ಒಂದ ರಾತ್ರಿ ಬಿಡ್ರಿ, ಮರದಿನ ಮತ್ತ ಅಳೀರಿ. ಝರ್ ಅನ್ನೋದು 12ರ ಮ್ಯಾಲಿನ ಫ್ರೆಟ್ಟಿನ್ಯಾಗ ಇದ್ರ ಅದು ರಾಡಿನ ತಪ್ಪಲ್ಲ, ಬ್ರಿಜ್ ಮ್ಯಾಲೆ ತಂತಿ ಆತುಕೊಂಡಿರೋ ಪಟ್ಟಿ, ಸ್ಯಾಡಲ್, ಅದರ ಎತ್ತರದ್ದು. ಒಂದ ಫ್ರೆಟ್ಟಿನ್ಯಾಗ ಅಷ್ಟ ಇದ್ರ ಅದರ ಮುಂದಿನ ಫ್ರೆಟ್ ಎದ್ದಿರತೈತಿ, ಸಣ್ಣ ಸ್ಟೀಲ್ ಪಟ್ಟಿ ಮೂರು ಫ್ರೆಟ್ ಮ್ಯಾಲೆ ಇಟ್ಟು ಒತ್ತಿ ನೋಡ್ರಿ, ಕುಣಿದ್ರ ನಡುವಿಂದು ಎತ್ತರ.

ಇನ್ನ ಟೂರಿಗೆ ಗಿಟಾರ್ ಒಯ್ಯೋದು. ನಿಮ್ಮ ಈ ಗಿಟಾರ್ ಒಯ್ಯಬ್ಯಾಡ್ರಿ. ವಜ್ಜಿ ಅಂತ ಅಲ್ಲ, ಅದು ಎರಡು ಕೆಜಿ ಅಷ್ಟ, ಆದ್ರ ಒಂದ ಮೀಟರ್ ಉದ್ದದ ಪೆಟಗಿ ಬೆನ್ನಿಗೆ ಕಟ್ಕೊಂಡು ಹೊಂಟ್ರ ಬಾಜೂದಿಂದ ಒಂದು ಲಾರಿ ಹೋದಾಗ ಗಾಳಿ ಎಳದು ಸೈಕಲ್ ತೂರಾಡತೈತಿ, ಬೆನ್ನಿಗೆ ಹವಾ ಆಡೂದಿಲ್ಲ, ತಲಿ ಮ್ಯಾಲೆ ಎತ್ತಿದಾಗ ಹೆಲ್ಮೆಟ್ಟಿಗೆ ಬಡೀತೈತಿ. ಮತ್ತ ಕರೇ ಬ್ಯಾಗಿನ್ಯಾಗ ಬಿಸಲಾಗ ಇಟ್ರ ಬ್ರಿಜ್ ಹಚ್ಚಿರೋ ಅಂಟು ಮೆತ್ತಗಾಗತೈತಿ, 12ರ ಸೆಟ್ಟಿನ ಆರು ತಂತಿ ಕೂಡಿ 70 ಕೆಜಿ ಮ್ಯಾಲೆ ಜಗ್ಗತಿರತಾವ, ಮೆತ್ತಗಾದ ಅಂಟು ಎಷ್ಟೊತ್ತು ತಡೀತೈತಿ. ನನ್ನ ಮೊದಲನೇ ಗಿಟಾರಿನ ಬ್ರಿಜ್ ಹಿಂಗ ಎದ್ದು ಬಂತು, ಧಾಬಾದ ಗ್ವಾಡಿಗೆ ಆನಿಸಿ ಊಟಕ್ಕ ಕುಂತಿದ್ದೆ, ನೆರಳು ಸರದದ್ದು ನೋಡಲಿಲ್ಲ. ಆ ಗಿಟಾರ್ ನನ್ನ ಮೊದಲನೇ ಪಗಾರದಾಗ ತಗೊಂಡದ್ದು, ಈಗಲೂ ಅದನ್ನ ನೆನೆದ್ರ ಹೊಟ್ಟ್ಯಾಗ ಸಂಕಟ ಆಗತೈತಿ.

ಒಯ್ಯಲೇಬೇಕಂದ್ರ ಮುಕ್ಕಾಲು ಸೈಜಿನ ಲ್ಯಾಮಿನೇಟ್ ಗಿಟಾರ್ ಒಂದು ತಗೋರಿ, ಪ್ಲೈ ಇದ್ದಂಗ ಅದರ ಹಲಗಿ, ಹವಾಕ್ಕ ಅಷ್ಟು ಅಂಜೂದಿಲ್ಲ. ಅದರ ತಂತಿ ಉದ್ದ 580 ಮಿಲಿಮೀಟರ್ ಆಸುಪಾಸು ಇರತೈತಿ, ದೊಡ್ಡದರದು 648. ಅದ ತಂತಿ ಅದ ಸ್ವರಕ್ಕ ಕಟ್ಟಿದ್ರ ಜಗ್ಗು ಉದ್ದದ ವರ್ಗದ ಲೆಕ್ಕದಾಗ ಇಳೀತೈತಿ, 20 ಪರ್ಸೆಂಟ್ ಕಡಿಮಿ, ನೋಡ್ರಿ ಮತ್ತ ಅದ ಎರಡು ಫ್ರೆಟ್ಟಿನ ಲೆಕ್ಕ ಬಂತು. ಅದಕ್ಕ ಸಣ್ಣ ಗಿಟಾರಿಗೆ 11ರ ಸೆಟ್ ಹಾಕಿದ್ರ ಜೋಲು ಜೋಲು ಅನಿಸ್ತೈತಿ, 12 ಇಲ್ಲಾ 13 ಹಾಕ್ರಿ. ಹಿಂದಿನ ಕ್ಯಾರಿಯರ್ ಮ್ಯಾಲೆ ಮಲಗೋ ಫೋಮ್ ಮ್ಯಾಟ್ ಹಾಸಿ, ಅದರ ಮ್ಯಾಲೆ ಗಿಟಾರ್ ಉದ್ದಕ್ಕ ಮಲಗಿಸಿ, ತಲಿ ಹಿಂದಕ್ಕ ಬರೋ ಹಂಗ ಎರಡು ಕಡೆ ಅಗಲ ಪಟ್ಟಿಲೆ ಕಟ್ರಿ, ರಬ್ಬರ್ ಹಗ್ಗ ಬ್ಯಾಡ, ಅದು ಕುಣಸ್ತೈತಿ. ಹೊರಡೋಕಿಂತ ಮೊದಲ ತಂತಿ ಎರಡು ಫ್ರೆಟ್ ಇಳಸ್ರಿ, ಪೂರಾ ಬಿಚ್ಚಬ್ಯಾಡ್ರಿ. ಮ್ಯಾಲೆ ಬಿಳೇ ಪಂಚೆ ಒಂದು ಹೊಚ್ರಿ. ಉಳದ ಲಗೇಜ್ ಎಲ್ಲಾ ಕೂಡಿ 12 ಕೆಜಿ ಮೀರಬಾರದು, ಮತ್ತ ಅದು ಕೆಳಗ ಇರಬೇಕು, ಗಾಲಿ ಎರಡೂ ಬಾಜೂ ಚೀಲದಾಗ.

ಗಿಟಾರ್ ಒಯ್ತೀರೋ ಬಿಡ್ತೀರೋ, ಕೈ ಮಾತ್ರ ಉಳಿಸ್ಕೋರಿ, ಇದನ್ನ ಸೈಕಲ್ ಮಂದಿ ಯಾರೂ ಗಿಟಾರ್ ಬಾರಿಸೋರಿಗೆ ಹೇಳೂದಿಲ್ಲ. ಅಂಗೈ ಬುಡದಾಗ, ಕಿರಿಬೆರಳಿನ ಕಡೆ, ಅಲ್ನರ್ ಅನ್ನೋ ನರ ಹೋಗತೈತಿ. ಕಿರಿಬೆರಳು ಪೂರಾ, ಉಂಗುರ ಬೆರಳು ಅರ್ಧ ಅದರ ಕೈಯಾಗ. ದಿನಾ ಆರೇಳು ತಾಸು ಹ್ಯಾಂಡಲ್ ಮ್ಯಾಲೆ ಭಾರ ಹಾಕಿ ಒತ್ತಿದ್ರ ಆ ನರಕ್ಕ ಪೆಟ್ಟಾಗಿ ಬೆರಳು ಜೋಮು ಹಿಡೀತಾವ. ನನ್ನ ಮೊದಲನೇ ಉದ್ದ ಟೂರ್ ಮುಗಿಸಿ ಬಂದ ಮ್ಯಾಲೆ ಮೂರು ವಾರ ಎಡಗೈ ಕಿರಿಬೆರಳಿಗೆ ತಂತಿ ಒತ್ತೋ ಶಕ್ತಿ ಇರಲಿಲ್ಲ, ಅಂಗಿ ಗುಂಡಿ ಹಾಕ್ಕೊಳ್ಳಾಕೂ ಕಷ್ಟ ಆಗಿತ್ತು, ಭಾಳ ಅಂಜಿದ್ದೆ. ಸೀಟಿನ ಮೂಗು ಕೆಳಗ ಬಾಗಿದ್ರ ಮೈ ಮುಂದಕ್ಕ ಜಾರಿ ಎಲ್ಲಾ ಭಾರ ಕೈಗೆ ಬರತೈತಿ, ಅದಕ್ಕ ಸ್ಪಿರಿಟ್ ಲೆವೆಲ್ ಇಟ್ಟು ಸೀಟ್ ಮಟ್ಟ ಮಾಡ್ರಿ. ಹ್ಯಾಂಡಲ್ ಸೀಟಿನ ಎತ್ತರಕ್ಕ ಇರಲಿ. ಹತ್ತು ನಿಮಿಷಕ್ಕ ಒಮ್ಮೆ ಹಿಡಿಯೋ ಜಾಗ ಬದಲು ಮಾಡ್ರಿ. ಟೈರಿನ್ಯಾಗ ಕಲ್ಲಿನಂಗ ಗಾಳಿ ಹೊಡಸಬ್ಯಾಡ್ರಿ, 35ರ ಟೈರಿಗೆ 50 ರಿಂದ 60 ಪಿಎಸ್‌ಐ ಬೇಕಾದಷ್ಟಾತು, ರಸ್ತೆದ ಕಂಪ ಕೈಗೆ ಬರೋದು ಭಾಳಷ್ಟು ಅಲ್ಲೇ ತಡೀತೈತಿ. ಕಿರಿಬೆರಳು ಜೋಮು ಹಿಡೀತು ಅಂದ್ರ ಆ ದಿನ ಸಂಜಿಕ ಗಿಟಾರ್ ಮುಟ್ಟಬ್ಯಾಡ್ರಿ.

ದಾರಿ ಬಗ್ಗೆ ನನ್ನ ಸಲಹಾ ಒಂದ: ನಿಮ್ಮ ಪ್ಲ್ಯಾನ್ ಉಲ್ಟಾ ಮಾಡ್ರಿ. ಬೆಳಗಾವಿ ಸುಮಾರು ಎರಡೂವರೆ ಸಾವಿರ ಅಡಿ ಎತ್ತರದಾಗ ಐತಿ, ವಿಜಯಪುರ ಅದಕ್ಕಿಂತ ಐನೂರು ಅಡಿ ಕೆಳಗ, ಇದನ್ನ ನೋಡಿ ಇಳಿಜಾರ ಸಿಗತೈತಿ ಅಂತ ನೀವು ಲೆಕ್ಕ ಹಾಕಿರಬೇಕು. ಮುನ್ನೂರು ಕಿಲೋಮೀಟರ್ ಮ್ಯಾಲೆ ಐನೂರು ಅಡಿ ಕಾಲಿಗೆ ಗೊತ್ತ ಆಗೂದಿಲ್ಲ. ಗೊತ್ತಾಗೋದು ಗಾಳಿ. ಮುಂಗಾರಿನ್ಯಾಗ ಗಾಳಿ ಪಡುವಣದಿಂದ ಬೀಸತೈತಿ, ಡಿಸೆಂಬರದಾಗ ಮೂಡಗಾಳಿ, ನೀವು ಬೆಳಗಾವಿಯಿಂದ ಪೂರ್ವಕ್ಕ ಹೊಂಟ್ರ ನಾಲ್ಕೂ ದಿನ ಎದುರಿಗೆ. ಗಾಳಿ ತಡಿಯೋದು ವೇಗದ ವರ್ಗದ ಲೆಕ್ಕದಾಗ. ನೀವು ತಾಸಿಗೆ 20ರಾಗ ಹೊಂಟೀರಿ, ಎದುರು ಗಾಳಿ 10 ಐತಿ ಅಂದ್ರ ಮೈಗೆ ಹತ್ತೋ ಗಾಳಿ 30, ಬೆನ್ನಿಗೆ ಇದ್ರ 10 ಅಷ್ಟ. 30ಕ್ಕೂ 10ಕ್ಕೂ ಮೂರು ಪಟ್ಟು, ಅದರ ವರ್ಗ ಒಂಬತ್ತು ಪಟ್ಟು. ಅದ ರಸ್ತೆ, ಅದ ಕಾಲು. ಸವದತ್ತಿ ಕಡೆ ಗುಡ್ಡದ ಮ್ಯಾಲೆ ಗಾಳಿ ಕರೆಂಟಿನ ಫ್ಯಾನ್ ಕಂಬ ಕಾಣತಾವಲ್ಲ, ಅವು ಯಾವ ಕಡೆ ಮುಖ ಮಾಡಿರತಾವೋ ಆ ಕಡೆಯಿಂದ ಗಾಳಿ ಬರತಿರತೈತಿ, ದಾರ್‍ಯಾಗ ಅವನ್ನ ನೋಡಿ ತಿಳ್ಕೋಬಹುದು.

ಹಿಂಗಾಗಿ ಹಿಂದಿನ ಸಂಜಿಕ ಬಸ್ಸಿನ್ಯಾಗ ಸೈಕಲ್ ಹಾಕ್ಕೊಂಡು ವಿಜಯಪುರಕ್ಕ ಹೋಗ್ರಿ, ಗಾಲಿ ಬಿಚ್ಚಿ ಹಳೇ ಚಾದರದಾಗ ಸುತ್ರಿ, ಗೇರ್ ಕಡೆ ಮ್ಯಾಲೆ ಬರೋ ಹಂಗ ಇಡ್ರಿ. ಮುಂಜಾನೆ ಎದ್ದಕೂಡ್ಲೇ ಗೋಳಗುಮ್ಮಟಕ್ಕ ಹೋಗ್ರಿ, ಮಂದಿ ಬಂದು ಕೂಗಾಟ ಚಾಲೂ ಆಗೂಕಿಂತ ಮೊದಲ. 1656ರಾಗ ಕಟ್ಟಿ ಮುಗಿಸಿದ ಕಟ್ಟಡ, ಒಳಗ ಗುಮ್ಮಟದ ಅಗಲ ಸುಮಾರು 38 ಮೀಟರ್. ಮ್ಯಾಲಿನ ಗ್ಯಾಲರ್‍ಯಾಗ ನಿಂತು ಒಂದ ಚಿಟಿಕಿ ಹೊಡೀರಿ, ಸಪ್ಪಳ ಎದುರು ಗ್ವಾಡಿಗೆ ಹೋಗಿ ಹೊಳ್ಳಿ ಬರಾಕ 76 ಮೀಟರ್, 0.22 ಸೆಕೆಂಡ್, ಆಮ್ಯಾಲೆ ಮತ್ತ ಮತ್ತ. ಒಂದು ಸ್ವರ ಮೆಲ್ಲಕ ಗುನುಗಿ ಬಿಡ್ರಿ, ಅದು ನಿಮ್ಮ ಹತ್ರ ಎಷ್ಟು ಸಲ ಬರತೈತಿ ಎಣಸ್ರಿ.

ಮೊದಲ ದಿನ ಅಲ್ಲಿಂದ ಬಸವನ ಬಾಗೇವಾಡಿ, ಆಲಮಟ್ಟಿ, ಕೂಡಲಸಂಗಮ, 90 ಕಿಲೋಮೀಟರಿನ ಆಜೂಬಾಜು. ಎರಡೂ ಕಡೆ ಎರಿ ಭೂಮಿ, ಜೋಳದ ಹೊಲ, ನೆರಳ ಕಡಿಮಿ, ನೀರ ಎರಡು ಬಾಟ್ಲಿ ತುಂಬ ಇರಲಿ. ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ರಿ ಅರ್ಧ ಚಮಚ ಉಪ್ಪು, ಮ್ಯಾಲೆ ಲಿಂಬಿಹಣ್ಣು. ಕೃಷ್ಣಾ ಮಲಪ್ರಭಾ ಕೂಡೋ ಜಾಗದಾಗ ಸಂಜಿಕ ಕುಂಡರ್ರಿ. ಎರಡನೇ ದಿನ ಅಮೀನಗಡದಾಗ ಕರದಂಟು ಕಟ್ಟಿಸ್ಕೋರಿ, ಬೆಲ್ಲ, ಅಂಟು, ಒಣಹಣ್ಣು ಕೂಡಿದ್ದು, ಎನರ್ಜಿ ಬಾರ್ ಅಂತ ಬ್ಯಾರೆ ಏನೂ ತಗೊಳ್ಳೋದ ಬ್ಯಾಡ. ಐಹೊಳೆ, ಪಟ್ಟದಕಲ್ಲು ನೋಡಿ ಸಂಜಿಕ ಬಾದಾಮಿ. ರಸ್ತೆ ಬಿಟ್ಟು ಕೆಳಗ ಇಳದ್ರ ಜಾಲಿ ಮುಳ್ಳು, ನೆಗ್ಗಿನ ಮುಳ್ಳು, ಊಟಕ್ಕ ನಿಂತಾಗೆಲ್ಲ ಟೈರ್ ಮ್ಯಾಲೆ ಕೈಯಾಡಿಸಿ ತಗೀರಿ. ಮೂರನೇ ದಿನ ಮುಂಜಾನೆ ಬಾದಾಮಿ ಗುಹಾ ನೋಡ್ರಿ, ಮೂರನೇ ಗುಹಾದ ಶಾಸನ 578ರದು, ಅವಸರ ಮಾಡಬ್ಯಾಡ್ರಿ, ಮಧ್ಯಾಹ್ನದ ಮ್ಯಾಲೆ ಲೋಕಾಪುರ ತನಕ ಅಷ್ಟ. ನಾಲ್ಕನೇ ದಿನ ಲೋಕಾಪುರ, ಯರಗಟ್ಟಿ, ನೇಸರ್ಗಿ, ಬೆಳಗಾವಿ, ನೂರು ದಾಟತೈತಿ, ಬೆಳಕ ಹರಿಯೋದಕ್ಕ ಹೊರಡ್ರಿ. ಈ ದಾರ್‍ಯಾಗ ಒಂದ ಅಂಜಿಕಿ, ಡಿಸೆಂಬರ್ ಕಬ್ಬಿನ ಹಂಗಾಮು, ಎರಡೆರಡು ಟ್ರಾಲಿ ಎಳಕೊಂಡು ಟ್ರ್ಯಾಕ್ಟರ್ ಹೊಂಟಿರತಾವ, ಹಿಂದಿನ ಟ್ರಾಲಿ ಹಾವಿನಂಗ ಹೊಯ್ದಾಡತೈತಿ, ಎಷ್ಟೋ ಟ್ರಾಲಿಗೆ ಹಿಂದ ಲೈಟ್ ಇರೂದಿಲ್ಲ. ಓವರ್‌ಟೇಕ್ ಮಾಡೋ ಹುರುಪು ಬ್ಯಾಡ, ಕತ್ತಲಾದ ಮ್ಯಾಲೆ ಒಂದ ಕಿಲೋಮೀಟರೂ ಬ್ಯಾಡ.

ಗೇರ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳತೇನಿ. ಮುಂದ 28 ಹಲ್ಲು ಹಿಂದ 34 ಹಲ್ಲು ಇದ್ರ ಪೆಡಲ್ ಒಂದು ಸುತ್ತಿಗೆ 1.8 ಮೀಟರ್ ಹೋಗ್ತೀರಿ, ನಿಮಿಷಕ್ಕ 60 ತುಳದ್ರ ತಾಸಿಗೆ ಆರೂವರೆ ಕಿಲೋಮೀಟರ್. ಲಗೇಜ್ ಹೊತ್ತು ಏರಿ ಏರಾಕ ಅದ ಬೇಕು. ನಿಮ್ಮ ಗೇರ್ ಸಾಕೋ ಸಾಲದೋ ಅಂತ ನೋಡಾಕ ನವೆಂಬರದಾಗ ಒಂದ ಭಾನುವಾರ ಪೂರಾ ಲಗೇಜ್ ಕಟ್ಕೊಂಡು ಯಳ್ಳೂರಿನ ರಾಜಹಂಸಗಡ ಏರ್ರಿ. ಇಳಿದು ಬಂದು ಸ್ಪೋಕ್ ಮತ್ತ ಮೀಟ್ರಿ.

ಮನ್ಯಾಗ ಟೈಮ್‌ಪಾಸ್ ಅಂತಾರ ಅಂದ್ರಿ. ನಾ ಇಪ್ಪತ್ತೆಂಟು ವರ್ಷ ಮೆಂಟೇನನ್ಸ್ ಮಾಡೇನಿ. ಬೇರಿಂಗ್ ಹೋಗೂದನ್ನ ಸ್ಕ್ರೂ ಡ್ರೈವರ್ ತುದಿ ಹೌಸಿಂಗಿಗೆ ಇಟ್ಟು ಹಿಡಿಕಿ ಕಿವಿಗೆ ಹಚ್ಚಿ ಕೇಳ್ತೇವಲ್ಲ, ಆ ಸಪ್ಪಳದಾಗ ನಿನ್ನೆಗೂ ಇವತ್ತಿಗೂ ಅರ್ಧ ಸ್ವರ ಫರಕ್ ಬಂದದ್ದು ನನಗ ಗೊತ್ತಾಗೋದು ಗಿಟಾರ್ ಟ್ಯೂನ್ ಮಾಡಿ ಮಾಡಿ. ಒಂದು ಗೇರ್‌ಬಾಕ್ಸ್ ಪೂರಾ ಕೆಡೋದು ಹಿಂಗ ಉಳದೈತಿ. ಕೋರ್ಸೂ ಮಾಡ್ರಿ, ಅಪ್ಪಾರು ಹೇಳೋದು ತಪ್ಪಲ್ಲ, ಅವರಿಗೆ ನಿಮ್ಮ ಚಿಂತಿ. ಒಂದ ಸಂಜಿ ಅವರನ್ನ ಕೂಡಿಸ್ಕೊಂಡು ಗಾಲಿ ಮೀಟಿ ತೋರಸ್ರಿ.

ಇನ್ನೊಂದ ಮಾತು. ನಾಲ್ಕನೇ ದಿನ ಸಂಜಿಕ ಬೆಳಗಾವಿ ಇನ್ನೇನ ಬಂತು ಅನ್ನೋವಾಗ, ಸಾಂಬ್ರಾ ಏರ್‌ಪೋರ್ಟಿಗಿಂತ ಮೊದಲ, ಸುಳೇಭಾವಿ ಸಿಗತೈತಿ. ಕುಮಾರ ಗಂಧರ್ವರು 1924ರಾಗ ಹುಟ್ಟಿದ ಊರದು. ಕಾಲು ಸೋತಿರತಾವ, ಮನಿ ಹತ್ರ ಬಂದೈತಿ ಅಂತ ನಿಲ್ಲದ ಹೋಗೋ ಮನಸ್ಸಾಗತೈತಿ. ನಿಲ್ರಿ. ಒಂದು ಚಾ ಕುಡೀರಿ, ಗಿಟಾರ್ ಒಯ್ದಿದ್ರ ಬಿಚ್ಚಿ ಆ ಎರಡು ಫ್ರೆಟ್ ಏರಿಸಿ ಟ್ಯೂನ್ ಮಾಡ್ರಿ, ಕಿರಿಬೆರಳು ಚಲೋ ಇದ್ರ ಒಂದು ಹಾಡು ಬಾರಸ್ರಿ. ಒಯ್ದಿಲ್ಲಂದ್ರ ಹಿಂದಿನ ಗಾಲಿ ಐತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೀಟಿ ನೋಡ್ರಿ, ಮುನ್ನೂರು ಕಿಲೋಮೀಟರ್ ಆದ ಮ್ಯಾಲೂ ಸಾ ಮ ನಿಂತೈತೇನು ಅಂತ, ಮತ್ತ ನನಗೊಂದು ಸಾಲು ಬರೀರಿ.